ಅಮೃತಶಿಲೆಯ ಪಾಠಶಾಲೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರು ಅನುಭವದಿಂದ ಆಡಿದ ಮಾತು. ‘ಶಾಲೆ ಕಟ್ಟಿ ನೋಡು’ ಎಂದು ಅವರು ಹೇಳಲಿಲ್ಲ. ಶಾಲೆಗೆಂದು ಪ್ರತ್ಯೇಕವಾದ ಕಟ್ಟಡವೊಂದು ಬೇಕೆಂಬ ಭಾವನೆಯೇ ಬಹುಕಾಲ ನಮ್ಮ ಹಳ್ಳಿಗಳಲ್ಲಿ ಇರಲಿಲ್ಲ. ಗುಡಿಯ ಪೌಳಿ, ಊರ ಚಾವಡಿ, ಐಗಳ ಮನೆಯ ಜಗಲಿ, ಇವೇ ಅಂದಿನ ಪಾಠಶಾಲೆಗಳು. ನಾನು ಮೊದಲು ಅಕ್ಷರ ತಿದ್ದಿದ್ದೂ ಹನುಮಂತದೇವರ ಗುಡಿಯ ಪೌಳಿಯಲ್ಲಿಯೇ. ಮಳೆ ಬಂದರೆ ಗೋಡೆಯ ಕಡೆಗೆ ಸರಿಯುತ್ತಿದ್ದೆವು. ಬಿಸಿಲೇರಿದರೆ ಕಂಬದ ನೆರಳಿಗೆ ಸರಿಯುತ್ತಿದ್ದೆವು. ಪಾಠ ಮಾತ್ರ ನಿಲ್ಲುತ್ತಿರಲಿಲ್ಲ. ಒಳ್ಳೆಯ ಗುರು, ಕಲಿಯುವ ಆಸೆಯುಳ್ಳ ಶಿಷ್ಯ, ಇವರಿಬ್ಬರಿದ್ದರೆ ಶಾಲೆಯಾಯಿತು, ಗೋಡೆ ಮಾಡುಗಳ ಮಾತು ಆಮೇಲಿನದು ಎಂದೇ ನಾನು ನಂಬಿದ್ದೆ. ಮೂವತ್ತಕ್ಕೂ ಹೆಚ್ಚು ವರ್ಷ ಉಪಾಧ್ಯಾಯನಾಗಿ ದುಡಿದ ಮೇಲೆಯೂ ಆ ನಂಬಿಕೆ ಅಲುಗಿರಲಿಲ್ಲ. ಅದನ್ನು ಅಲುಗಿಸಿದ್ದು ಅಜ್ಮೀರದಲ್ಲಿ ನಾನು ಕಂಡ ಒಂದು ಕಟ್ಟಡ.

ನಿವೃತ್ತನಾದ ಮೇಲೆ ಕೆಲವು ಮಂದಿ ಗೆಳೆಯರೊಡನೆ ಉತ್ತರದ ಪ್ರವಾಸಕ್ಕೆ ಹೋಗಿದ್ದೆ. ಅರಾವಳಿ ಬೆಟ್ಟಗಳ ಮಡಿಲಲ್ಲಿರುವ ಅಜ್ಮೀರ ಬಹು ಪುರಾತನವಾದ ಊರು. ತಾರಾಗಢದ ಕೋಟೆ, ಖ್ವಾಜಾ ಮೊಯಿನುದ್ದೀನ್ ಚಿಸ್ತಿಯವರ ದರ್ಗಾ, ಆನಾಸಾಗರದ ದಂಡೆಯ ಮೇಲೆ ಷಹಜಹಾನನು ಕಟ್ಟಿಸಿದ ಅಮೃತಶಿಲೆಯ ಮಂಟಪಗಳು, ಇವನ್ನೆಲ್ಲ ನೋಡಿ ಕಣ್ಣು ತುಂಬಿದ ಮೇಲೆ ನಾವು ಮೇಯೋ ಕಾಲೇಜಿನ ಮುಂದೆ ಬಂದು ನಿಂತೆವು. ವಿಶಾಲವಾದ ಹಸಿರು ಬಯಲಿನಾಚೆ, ಕಂದುಬಣ್ಣದ ಬೆಟ್ಟಗಳನ್ನು ಬೆನ್ನಿಗಿಟ್ಟುಕೊಂಡು, ಬೆಳ್ಳಗೆ ಹೊಳೆಯುವ ಭವ್ಯಸೌಧವೊಂದು ನಿಂತಿತ್ತು. ನಮ್ಮಲ್ಲೊಬ್ಬರು, “ಇದು ಯಾವ ರಾಜನ ಅರಮನೆ?” ಎಂದು ಕೇಳಿದರು. ಅದು ಅರಮನೆಯಲ್ಲ, ಶಾಲೆ. ಹುಡುಗರು ಮನೆ ಬಿಟ್ಟು ಬಂದು, ಅಲ್ಲಿಯೇ ಉಂಡು, ಮಲಗಿ, ಕಲಿಯುವ ವಸತಿಶಾಲೆ ಎಂದು ತಿಳಿದಾಗ ಅವರಿಗೆ ಆಶ್ಚರ್ಯವಾಯಿತು. ಆದರೆ ಅವರ ಪ್ರಶ್ನೆ ತಪ್ಪೆಂದು ಹೇಳುವಂತಿಲ್ಲ. ಅರಮನೆಯಂತೆ ಕಾಣಬೇಕೆಂದೇ ಅದನ್ನು ಕಟ್ಟಿದ್ದರು.

ಮೇಯೋ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ 1883ರಲ್ಲಿ ತಲೆಯೆತ್ತಿದ ಮೇಯೋ ಹಾಲ್ ಇದೇ ಮಹನೀಯನ ನೆನಪಿಗಾಗಿ ಕಟ್ಟಿದ್ದು. ಲಾರ್ಡ್ ಮೇಯೋ 1869ರಲ್ಲಿ ಭಾರತದ ವೈಸರಾಯ್ ಆಗಿ ಬಂದವನು. ಅದೇ ವರ್ಷ ಭರತಪುರದಲ್ಲಿದ್ದ ಕರ್ನಲ್ ವಾಲ್ಟರ್ ಎಂಬ ಬ್ರಿಟಿಷ್ ಅಧಿಕಾರಿ, ಇಂಗ್ಲೆಂಡಿನ ಶ್ರೀಮಂತ ಮನೆತನಗಳ ಮಕ್ಕಳಿಗೆ ಈಟನ್ ಶಾಲೆ ಇರುವಂತೆ ಭಾರತದ ರಾಜಕುಮಾರರಿಗೂ ಒಂದು ಶಾಲೆ ಬೇಕೆಂದು ಸರ್ಕಾರಕ್ಕೆ ಸೂಚಿಸಿದನು. 1870ರಲ್ಲಿ ಅಜ್ಮೀರದಲ್ಲಿ ನಡೆದ ದರ್ಬಾರಿನಲ್ಲಿ ಮೇಯೋ ಈ ಯೋಜನೆಯನ್ನು ರಾಜಪುತಾನದ ಅರಸರ ಮುಂದಿಟ್ಟನು. ಶಾಲೆಯನ್ನು ಕಣ್ಣಾರೆ ಕಾಣುವ ಯೋಗ ಅವನಿಗಿರಲಿಲ್ಲ. 1872ರ ಫೆಬ್ರುವರಿಯಲ್ಲಿ ಅಂಡಮಾನ್ ದ್ವೀಪಕ್ಕೆ ಹೋಗಿದ್ದಾಗ ಷೇರ್ ಅಲಿ ಎಂಬ ಬಂದಿಯ ಕೈಯಲ್ಲಿ ಅವನು ಹತನಾದನು. ಶಾಲೆ 1875ರಲ್ಲಿ ಆರಂಭವಾಯಿತು. ಆಳ್ವಾರಿನ ಮಹಾರಾಜ ಮಂಗಲಸಿಂಗನೇ ಅದರ ಮೊದಲ ವಿದ್ಯಾರ್ಥಿ.

ಶಾಲೆಯೇನೋ ಆರಂಭವಾಯಿತು, ಅದರ ಮುಖ್ಯಕಟ್ಟಡ ಹೇಗಿರಬೇಕೆಂಬುದು ಮಾತ್ರ ಸುಲಭವಾಗಿ ತೀರ್ಮಾನವಾಗಲಿಲ್ಲ. ಯೂರೋಪಿನ ಪ್ರಾಚೀನ ಶೈಲಿಯ ನಕ್ಷೆಗಳೂ ಪರಿಶೀಲನೆಗೆ ಬಂದವು. ವರ್ಷಗಟ್ಟಲೆ ಚರ್ಚೆ ನಡೆದ ಮೇಲೆ ಮೇಜರ್ ಚಾರ್ಲ್ಸ್ ಮ್ಯಾಂಟ್ ಎಂಬ ಸೈನ್ಯದ ಇಂಜಿನಿಯರನ ನಕ್ಷೆ ಅಂಗೀಕೃತವಾಯಿತು. 1878ರ ಜನವರಿಯಲ್ಲಿ ಅಸ್ತಿಭಾರ ಹಾಕಲಾಯಿತು; 1885ರಲ್ಲಿ ವೈಸರಾಯ್ ಲಾರ್ಡ್ ಡಫರಿನ್ ಕಟ್ಟಡವನ್ನು ಉದ್ಘಾಟಿಸಿದನು. ಮೂರು ಲಕ್ಷ ರೂಪಾಯಿಗಳಿಗೂ ಮೀರಿದ ಹಣ ಅದಕ್ಕೆ ವೆಚ್ಚವಾಯಿತು. ಆ ಕಾಲಕ್ಕೆ ಅದು ಅಪಾರವಾದ ಮೊತ್ತವೇ ಸರಿ. ಕೊಲ್ಲಾಪುರದ ಹೊಸ ಅರಮನೆ, ಬರೋಡೆಯ ಲಕ್ಷ್ಮೀವಿಲಾಸ ಅರಮನೆ, ಇವುಗಳ ನಕ್ಷೆಯೂ ಮ್ಯಾಂಟನ ಕೈಯದೇ. ಆದರೆ 1881ರಲ್ಲಿ, ಇನ್ನೂ ನಡುವಯಸ್ಸಿನಲ್ಲಿಯೇ, ಅವನು ತೀರಿಕೊಂಡನು. ಹೀಗೆ ಆ ಶಾಲೆಯನ್ನು ಕನಸಿದವನಾಗಲಿ, ಕಟ್ಟಡವನ್ನು ಕಲ್ಪಿಸಿದವನಾಗಲಿ ಅದರ ಪೂರ್ಣರೂಪವನ್ನು ನೋಡಲಿಲ್ಲ.

ಈಗ ಆ ಕಟ್ಟಡವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಮೇಲುಗಡೆ ಸಾಲುಸಾಲಾಗಿ ನಿಂತಿರುವ ಪುಟ್ಟ ಛತ್ರಿಗಳು ರಜಪೂತರ ಕೋಟೆ ಅರಮನೆಗಳಿಂದ ಬಂದವು. ಕಮಾನುಗಳೂ ಗುಮ್ಮಟಗಳೂ ಮೊಗಲರ ಕಟ್ಟಡಗಳನ್ನು ನೆನಪಿಗೆ ತರುತ್ತವೆ. ಗೋಡೆಯಿಂದ ಮುಂದಕ್ಕೆ ಚಾಚಿದ ಕಲ್ಲಿನ ಚಜ್ಜಗಳು ಎರಡು ಸಂಪ್ರದಾಯಗಳಿಗೂ ಸೇರಿದವು. ಇವೆಲ್ಲವುಗಳ ಒಳಗೆ ಅಡಗಿರುವುದು ಮಾತ್ರ ಇಂಗ್ಲೆಂಡಿನ ಶಾಲೆಯೇ: ಸಭೆ ಸೇರುವ ದೊಡ್ಡ ಹಜಾರ, ತರಗತಿಯ ಕೋಣೆಗಳು, ವೇಳಾಪಟ್ಟಿಗೆ ತಕ್ಕಂತೆ ಹುಡುಗರು ಕೋಣೆಯಿಂದ ಕೋಣೆಗೆ ನಡೆಯುವ ವ್ಯವಸ್ಥೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಭಾರತದಲ್ಲಿ ಬೆಳೆದ ಈ ಮಿಶ್ರಶೈಲಿಯನ್ನು ಪಂಡಿತರು ಇಂಡೋ-ಸಾರಸೆನಿಕ್ ಎಂದು ಕರೆಯುತ್ತಾರೆ. 1912ರಲ್ಲಿ ಪೂರ್ಣಗೊಂಡ ನಮ್ಮ ಮೈಸೂರಿನ ಅರಮನೆಯೂ ಇದೇ ಮನೆತನಕ್ಕೆ ಸೇರಿದ್ದು.

ಈ ಮಿಶ್ರಣವನ್ನು ಕೆಲವರು ಕಲಸುಮೇಲೋಗರವೆಂದು ಹಾಸ್ಯ ಮಾಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಇಲ್ಲಿ ಗೊಂದಲವಿಲ್ಲ, ಲೆಕ್ಕಾಚಾರವಿದೆ. 1857ರ ದಂಗೆಯ ಬಿಸಿ ಇನ್ನೂ ಪೂರ್ತಿ ಆರಿರದ ಕಾಲವದು. ದೇಶೀಯ ಅರಸರ ಸ್ನೇಹವಿಲ್ಲದೆ ಭಾರತವನ್ನು ಆಳುವುದು ಕಷ್ಟವೆಂದು ಆಂಗ್ಲರು ಅರಿತಿದ್ದರು. ಅರಸರ ಮಕ್ಕಳು ತಮ್ಮ ಪೂರ್ವಿಕರ ವೈಭವವನ್ನು ಕಟ್ಟಡದ ಹೊರಮೈಯಲ್ಲಿ ಕಂಡು ಹೆಮ್ಮೆಪಡಬೇಕು. ಒಳಗೆ ಬಂದು ಕುಳಿತಾಗ ಇಂಗ್ಲಿಷರ ಭಾಷೆ, ಆಟ, ಆಲೋಚನೆಗಳನ್ನು ಕಲಿಯಬೇಕು. ಹೊರಗಿನದು ನಿಮ್ಮದು, ಒಳಗಿನದು ನಮ್ಮದು ಎಂದು ಆ ಕಲ್ಲುಗಳು ಮೆಲುದನಿಯಲ್ಲಿ ಹೇಳುತ್ತಿರುವಂತೆ ನನಗೆ ಕೇಳಿಸಿತು. ಕಟ್ಟಡವೂ ಪಾಠ ಹೇಳುತ್ತದೆ ಎಂಬುದು ನನಗೆ ಮನದಟ್ಟಾದದ್ದು ಆಗಲೇ. ಪುಸ್ತಕದ ಪಾಠವನ್ನು ಮಕ್ಕಳು ಮರೆಯಬಹುದು. ದಿನವೂ ಕಣ್ಣಿಗೆ ಬೀಳುವ ಗೋಡೆಯ ಪಾಠ ಅವರಿಗೆ ತಿಳಿಯದಂತೆಯೇ ಅವರೊಳಗೆ ಇಳಿಯುತ್ತದೆ.

ಆ ಪಾಠಗಳೆಲ್ಲ ಕೆಟ್ಟವೆಂದು ನಾನು ಹೇಳುವುದಿಲ್ಲ. ಅಲ್ಲಿ ಎತ್ತರವಾಗಿ ನಿಂತಿರುವ ಗಡಿಯಾರದ ಗೋಪುರವನ್ನೇ ತೆಗೆದುಕೊಳ್ಳಿ. ಘಳಿಗೆ, ಜಾವಗಳ ಲೆಕ್ಕ ನಮ್ಮವರಿಗೆ ತಿಳಿಯದ ವಿಷಯವಲ್ಲ. ಆದರೆ ಅರಮನೆಯಲ್ಲಿ ಬೆಳೆದ ಬಾಲಕನಿಗೆ ತಾನು ಎದ್ದಾಗಲೇ ಬೆಳಗು, ತಾನು ಬಂದಾಗಲೇ ಸಭೆ. ಅಂಥವನ ತಲೆಯ ಮೇಲೆ ಗಡಿಯಾರವೊಂದನ್ನು ನಿಲ್ಲಿಸಿ, ‘ಕಾಲ ನಿನಗಾಗಿ ಕಾಯುವುದಿಲ್ಲ’ ಎಂದು ದಿನವೂ ಎಚ್ಚರಿಸುವುದು ಸಣ್ಣ ಶಿಕ್ಷಣವೇನಲ್ಲ. ಗಂಟೆ ಹೊಡೆದಾಗ ದೊಡ್ಡ ಸಂಸ್ಥಾನದ ಕುಮಾರನೂ ಚಿಕ್ಕ ಜಹಗೀರಿನ ಕುಮಾರನೂ ಒಟ್ಟಿಗೆ ಏಳಬೇಕು. ಆ ಒಂದು ಕ್ಷಣದಲ್ಲಾದರೂ ಅವರಿಬ್ಬರೂ ಸಮಾನರು.

ಕಟ್ಟಡದ ಇನ್ನೊಂದು ಗುಣವೂ ಕಲಿಯತಕ್ಕದ್ದು. ರಾಜಾಸ್ಥಾನದ ಬೇಸಗೆ ಎಂಥದೆಂದು ಅಲ್ಲಿ ಬಾಳಿದವರಿಗೆ ಗೊತ್ತು. ದಪ್ಪ ಗೋಡೆ ಹಗಲಿನ ಶಾಖವನ್ನು ತಡೆದು ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಎತ್ತರದ ಮಾಳಿಗೆಯ ಕೆಳಗೆ ಬಿಸಿಗಾಳಿ ಮೇಲಕ್ಕೇರಿ, ಕುಳಿತವರ ಮಟ್ಟದಲ್ಲಿ ತಂಪು ಉಳಿಯುತ್ತದೆ. ಕಮಾನಿನ ಮೊಗಸಾಲೆಯೂ ಮುಂಚಾಚಿದ ಚಜ್ಜವೂ ಬಿಸಿಲನ್ನು ಗೋಡೆಗೆ ತಾಗಗೊಡುವುದಿಲ್ಲ. ಕಲ್ಲಿನ ಜಾಲರಿಯಾದರೋ ಗಾಳಿಗೆ ದಾರಿ ಕೊಟ್ಟು ಬಿಸಿಲಿನ ಝಳವನ್ನು ತಡೆಯುತ್ತದೆ. ಬೇಲೂರಿನ ಗುಡಿಯ ಜಾಲಂಧ್ರಗಳನ್ನು ಕಂಡವರಿಗೆ ಈ ಜಾಣ್ಮೆ ಹೊಸದಲ್ಲ. ಈ ದೇಶದ ಕುಶಲಕರ್ಮಿಗಳು ಶತಮಾನಗಳ ಕಾಲ ಬಿಸಿಲಿನೊಡನೆ ಹೋರಾಡಿ ಕಂಡುಕೊಂಡ ಜಾಣ್ಮೆ ಅದು. ನಕ್ಷೆ ಬರೆದವನ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಕಲ್ಲು ಕಡೆದವರ ಹೆಸರು ಉಳಿದಿಲ್ಲ. ಆದರೆ ಆ ಕಟ್ಟಡವನ್ನು ತಂಪಾಗಿರಿಸಿರುವುದು ಇಬ್ಬರ ವಿದ್ಯೆಯೂ ಹೌದು.

ಇನ್ನು ಆ ಆವರಣದಲ್ಲಿ ಹರಡಿಕೊಂಡಿರುವ ವಿದ್ಯಾರ್ಥಿನಿಲಯಗಳ ಕಡೆಗೆ ಬರೋಣ. ವಸತಿಶಾಲೆಯ ಜೀವಾಳ ಇರುವುದು ತರಗತಿಯಲ್ಲಿ ಅಲ್ಲ, ನಿಲಯದಲ್ಲಿ. ಇಂಗ್ಲೆಂಡಿನ ಶಾಲೆಗಳಲ್ಲಿ ಬೇರೆ ಬೇರೆ ಮನೆತನಗಳ ಹುಡುಗರು ಒಂದೇ ನಿಲಯದಲ್ಲಿ ಬೆರೆತು ಬಾಳುತ್ತಿದ್ದರು. ಅಜ್ಮೀರದಲ್ಲಿ ಆರಂಭದಲ್ಲಿ ಹಾಗಾಗಲಿಲ್ಲ. ಜಯಪುರ, ಜೋಧಪುರ, ಉದಯಪುರ, ಕೋಟಾ, ಬಿಕಾನೇರ, ಭರತಪುರ, ಆಳ್ವಾರ್ ಮೊದಲಾದ ಸಂಸ್ಥಾನಗಳು ತಮ್ಮ ತಮ್ಮ ಹುಡುಗರಿಗೆಂದು ತಮ್ಮ ತಮ್ಮ ನಿಲಯಗಳನ್ನು ಕಟ್ಟಿಸಿದವು. ಹುಡುಗರ ಜೊತೆಗೆ ಸೇವಕರೂ ಕುದುರೆಗಳೂ ಬಂದವು. ರಾಜಪುತಾನದ ಭೂಪಟದ ಗಡಿಗೆರೆಗಳು ಶಾಲೆಯ ಆವರಣದೊಳಗೂ ಮೂಡಿದಂತಾಯಿತು. ಹಗಲು ಒಂದೇ ಗಡಿಯಾರದ ಕೆಳಗೆ ಓದಿದ ಹುಡುಗರು ರಾತ್ರಿಯಾದೊಡನೆ ತಮ್ಮ ತಮ್ಮ ಸಂಸ್ಥಾನಗಳಿಗೆ ಮರಳಿ ಮಲಗುತ್ತಿದ್ದರು. ಒಂದು ಕಟ್ಟಡ ಕೂಡಿಸುತ್ತಿದ್ದುದನ್ನು ಇನ್ನೊಂದು ಕಟ್ಟಡ ಬಿಡಿಸುತ್ತಿತ್ತು.

ಎಲ್ಲಕ್ಕಿಂತ ಮಿಗಿಲಾದ ಪ್ರಶ್ನೆ ಬಾಗಿಲಿನದು. ಆ ಭವ್ಯವಾದ ಬಾಗಿಲಿನಲ್ಲಿ ಒಳಗೆ ಹೋಗಬಹುದಾಗಿದ್ದವರು ಯಾರು? ಅರಸರ ಮಕ್ಕಳು, ದೊಡ್ಡ ಜಹಗೀರುದಾರರ ಮಕ್ಕಳು. ಹೊರಗೆ ಉಳಿದವರು ಮಿಕ್ಕೆಲ್ಲರೂ. ಅರಸರು ಕೊಟ್ಟ ದೇಣಿಗೆಯ ಹಣ ಎಲ್ಲಿಂದ ಬಂತು? ರೈತನು ತೆತ್ತ ಕಂದಾಯದಿಂದಲ್ಲವೇ? ಆ ಅಸ್ತಿಭಾರದ ಕಲ್ಲು ಬಿದ್ದ 1878ರ ವರ್ಷವನ್ನು ನಮ್ಮ ಮೈಸೂರು ಸೀಮೆಯ ಹಿರಿಯರು ಬೇರೊಂದು ಕಾರಣಕ್ಕಾಗಿ ನೆನೆಯುತ್ತಿದ್ದರು. ಧಾತು ಈಶ್ವರ ಸಂವತ್ಸರಗಳ ಆ ಮಹಾಕ್ಷಾಮದಲ್ಲಿ, 1876ರಿಂದ 1878ರವರೆಗೆ, ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಅಳಿದುಹೋದರು. ಅಜ್ಮೀರದ ಶಾಲೆಗೂ ಮೈಸೂರಿನ ಬರಕ್ಕೂ ನೇರವಾದ ಸಂಬಂಧವಿಲ್ಲ. ಆದರೆ ಒಂದೇ ಸಾಮ್ರಾಜ್ಯದ ಒಂದೇ ಕಾಲದ ಎರಡು ಮುಖಗಳು ಅವು. ಅಮೃತಶಿಲೆಯನ್ನು ನೋಡುವಾಗ ಅದನ್ನೂ ಮರೆಯಬಾರದು.

ಹಾಗಾದರೆ ಇಂಥ ಕಟ್ಟಡಗಳನ್ನು ಏನು ಮಾಡಬೇಕು? ಈ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳನ್ನು ನಾನು ಕೇಳಿದ್ದೇನೆ. ಇವು ದಾಸ್ಯದ ಗುರುತುಗಳು, ಇವುಗಳನ್ನು ಕಾಪಾಡಲು ಹಣವನ್ನೂ ಶ್ರಮವನ್ನೂ ಏಕೆ ವ್ಯಯಿಸಬೇಕು ಎನ್ನುವವರು ಒಂದು ಕಡೆ. ಇವು ಹಿಂದಿನವರ ವೈಭವದ ಕುರುಹುಗಳು, ಇವುಗಳ ಮುಂದೆ ನಿಂತು ಕೈ ಮುಗಿಯಬೇಕು, ಪ್ರಶ್ನೆ ಕೇಳಬಾರದು ಎನ್ನುವವರು ಇನ್ನೊಂದು ಕಡೆ. ಈ ಇಬ್ಬರೂ ಕಟ್ಟಡವನ್ನು ಓದದೆಯೇ ತೀರ್ಪು ಕೊಡುತ್ತಾರೆ. ಹಳೆಯ ಶಾಸನದಲ್ಲಿ ನಮಗೆ ಹಿಡಿಸದ ಮಾತಿದೆಯೆಂದು ಆ ಕಲ್ಲನ್ನು ಒಡೆಯುತ್ತೇವೆಯೇ? ಅದು ಕಲ್ಲಿನ ಮೇಲಿದೆಯೆಂದು ಅದರ ಮಾತನ್ನೆಲ್ಲ ಸತ್ಯವೆಂದು ಒಪ್ಪುತ್ತೇವೆಯೇ? ಎರಡನ್ನೂ ಮಾಡುವುದಿಲ್ಲ. ಕಲ್ಲನ್ನು ಉಳಿಸುತ್ತೇವೆ, ಬರಹವನ್ನು ಓದುತ್ತೇವೆ, ಕಾಲದ ಬೆಳಕಿನಲ್ಲಿ ಅದರ ಅರ್ಥವನ್ನು ತೂಗಿನೋಡುತ್ತೇವೆ. ಶಾಲೆಯ ಕಟ್ಟಡವೂ ಒಂದು ಶಾಸನವೇ. ಅದನ್ನು ಉಳಿಸಿಕೊಳ್ಳಬೇಕು, ಏಕೆಂದರೆ ಅದನ್ನು ಇನ್ನೂ ಓದಿ ಮುಗಿಸಿಲ್ಲ.

ಓದುವುದರಿಂದ ಏನು ಲಾಭ ಎಂಬ ಪ್ರಶ್ನೆಗೆ ಒಬ್ಬ ಅರಸನ ಬಾಳೇ ಉತ್ತರ ಹೇಳುತ್ತದೆ. ರಾಜಕುಮಾರರಿಗಾಗಿ ಅಂದು ಕಟ್ಟಿದ ಶಾಲೆ ಅಜ್ಮೀರದ್ದೊಂದೇ ಅಲ್ಲ. ಕಾಠೇವಾಡದ ರಾಜಕೋಟೆಯಲ್ಲಿ ರಾಜಕುಮಾರ ಕಾಲೇಜು ಅದಕ್ಕೂ ಮೊದಲೇ ಆರಂಭವಾಗಿತ್ತು. ಅಲ್ಲಿ ಓದಿದವರಲ್ಲಿ ಕೊಲ್ಲಾಪುರದ ಶಾಹು ಮಹಾರಾಜರೂ ಒಬ್ಬರು. ಅಲ್ಲಿಂದ ಅವರು ನಮ್ಮ ಧಾರವಾಡಕ್ಕೆ ಬಂದು, 1890ರಿಂದ 1894ರವರೆಗೆ ಫ್ರೇಜರ್ ಎಂಬ ಅಧಿಕಾರಿಯ ಬಳಿ ಶಿಕ್ಷಣ ಪಡೆದರು. ಅವರು ವಾಸವಾಗಿದ್ದ ಕೊಲ್ಲಾಪುರದ ಹೊಸ ಅರಮನೆ ಮೇಯೋ ಕಾಲೇಜಿನ ನಕ್ಷೆ ಬರೆದ ಮ್ಯಾಂಟನೇ ರೂಪಿಸಿದ್ದು. ಅದಕ್ಕೂ ಒಂದು ಗಡಿಯಾರದ ಗೋಪುರವಿದೆ. ಇಂಥ ಶಾಲೆ, ಇಂಥ ಅರಮನೆಗಳಲ್ಲಿ ಬೆಳೆದ ಶಾಹು ಮಹಾರಾಜರು ಅಧಿಕಾರಕ್ಕೆ ಬಂದ ಮೇಲೆ ತಮಗೆ ದೊರೆತ ಸೌಕರ್ಯವನ್ನು ನೆನೆದು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಹಳ್ಳಿಯ ಬಡ ಹುಡುಗನು ಪಟ್ಟಣದಲ್ಲಿ ಓದಬೇಕಾದರೆ ಅವನಿಗೆ ಮೊದಲು ಬೇಕಾದದ್ದು ಮಲಗಲು ಸ್ಥಳ, ಎರಡು ಹೊತ್ತಿನ ಊಟ ಎಂಬುದನ್ನು ಅವರು ಕಂಡುಕೊಂಡರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೆ ನಿಲಯ ಆರಂಭವಾಯಿತು. ಮುಂದೆ ಬೇರೆ ಬೇರೆ ಸಮುದಾಯಗಳಿಗೆ ನಿಲಯಗಳು ಬಂದವು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಸಮುದಾಯಗಳ ಮಕ್ಕಳಿಗಾಗಿ 1908ರಲ್ಲಿ ನಿಲಯವೊಂದು ತೆರೆಯಿತು. ಆ ನಿಲಯಗಳಿಗೆ ಅಮೃತಶಿಲೆಯ ವೈಭವ ಬೇಕಾಗಿರಲಿಲ್ಲ. ಅವುಗಳ ಬಾಗಿಲು ಯಾರಿಗಾಗಿ ತೆರೆಯಿತು ಎಂಬುದೇ ಮುಖ್ಯ.

ವಸತಿಶಾಲೆಯೆಂಬ ಕಲ್ಪನೆಯನ್ನು ಅರಸುಮಕ್ಕಳ ಆವರಣದಿಂದ ಹೊರತಂದು ಬಡವರ ಮಕ್ಕಳ ಕೈಗೆ ಕೊಟ್ಟ ಸಾಹಸ ಅದು. ನಮ್ಮ ನಾಡಿನ ಮಠಗಳೂ ಉದಾರಿಗಳೂ ನಡೆಸಿಕೊಂಡು ಬಂದಿರುವ ಉಚಿತ ವಿದ್ಯಾರ್ಥಿನಿಲಯಗಳು ಇದೇ ಜಾತಿಯ ಪುಣ್ಯಕಾರ್ಯಗಳು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಪಂಕ್ತಿಯಲ್ಲಿ ಕುಳಿತು ಉಣ್ಣುವ ನೋಟವನ್ನು ಕಂಡವರಿಗೆ, ಶಾಲೆಯ ಸೌಂದರ್ಯ ಗೋಪುರದಲ್ಲಿ ಮಾತ್ರ ಇಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲ ಅಜ್ಮೀರದ ಬಾಗಿಲನ್ನೂ ತೆರೆಯಿತು. ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ದೇಶದಲ್ಲಿ ವಿಲೀನವಾದವು, 1971ರಲ್ಲಿ ಅರಸರ ರಾಜಧನವೂ ರದ್ದಾಯಿತು. ನಿಲಯಗಳ ಹೆಸರುಗಳು ಉಳಿದಿವೆ. ಆ ಹೆಸರಿನ ಸಂಸ್ಥಾನಗಳಿಲ್ಲ. ಇಂದು ಅಲ್ಲಿ ಓದಲು ರಾಜವಂಶದಲ್ಲಿ ಹುಟ್ಟಿರಬೇಕಾಗಿಲ್ಲ. ಆದರೂ ದೊಡ್ಡ ಶುಲ್ಕವನ್ನು ತೆರಬಲ್ಲವರಿಗೇ ಇಂಥ ಶಾಲೆಗಳು ಎಟುಕುತ್ತವೆ ಎಂಬುದೂ ನಿಜ. ವಂಶದ ಬೀಗ ಕಳಚಿದರೂ ಹಣದ ಬೀಗ ಉಳಿದಿದೆ. ಅದನ್ನು ಕಳಚುವ ಕೆಲಸ ಒಂದು ಶಾಲೆಯದಲ್ಲ, ಇಡೀ ಸಮಾಜದ್ದು.

ಈ ಮಾತನ್ನು ನಮ್ಮ ಊರುಗಳ ಶಾಲೆಗಳಿಗೆ ಅನ್ವಯಿಸದೆ ಹೋದರೆ ನನ್ನ ಪ್ರವಾಸ ವ್ಯರ್ಥವಾದಂತೆ. ನಾನು ಕೆಲಸ ಮಾಡಿದ ಊರೊಂದರಲ್ಲಿ ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಮುಂದೆ ಉದ್ದನೆಯ ಮೊಗಸಾಲೆ ಇದ್ದ ಹಳೆಯ ಶಾಲೆಯಿತ್ತು. ನಾಲ್ಕು ತೊಲೆಗಳು ಗೆದ್ದಲು ಹಿಡಿದಿದ್ದವು. ತೊಲೆಗಳನ್ನು ಬದಲಿಸುವ ಬದಲು ಕಟ್ಟಡವನ್ನೇ ಕೆಡವಿ, ತಗಡಿನ ಮಾಡಿನ ಕೋಣೆಗಳನ್ನು ಕಟ್ಟಿದರು. ಮೊಗಸಾಲೆ ಅನಾವಶ್ಯಕವೆಂದು ಕೈಬಿಟ್ಟರು. ಮಾರನೆಯ ಬೇಸಗೆಯಲ್ಲಿ ನಾನು ಮಕ್ಕಳನ್ನು ಹೊಂಗೆಯ ಮರದಡಿಗೆ ಕರೆದುಕೊಂಡು ಹೋಗಿ ಪಾಠ ಮಾಡಬೇಕಾಯಿತು. ಮಳೆಗಾಲದಲ್ಲಿ ತಗಡಿನ ಸದ್ದಿಗೆ ನನ್ನ ದನಿ ಎರಡನೆಯ ಸಾಲಿಗೂ ಕೇಳಿಸುತ್ತಿರಲಿಲ್ಲ. ಆಗ ನಾನು ಪ್ರತಿಭಟಿಸಲಿಲ್ಲ. ಗುರುವಿದ್ದರೆ ಸಾಕು, ಗೋಡೆಯ ಮಾತು ಆಮೇಲಿನದು ಎಂಬ ನನ್ನ ಹಳೆಯ ನಂಬಿಕೆಯೇ ನನ್ನ ಬಾಯನ್ನು ಕಟ್ಟಿತ್ತು. ಅಜ್ಮೀರದ ಮೊಗಸಾಲೆಯ ನೆರಳನ್ನು ಕಂಡಾಗ ನನ್ನ ತಪ್ಪು ನನಗೆ ಅರಿವಾಯಿತು. ಗುಡಿಯ ಪೌಳಿಯಲ್ಲಿ ನಾನು ಸುಖವಾಗಿ ಕಲಿತದ್ದು ಕಟ್ಟಡವಿಲ್ಲದೆ ಅಲ್ಲ. ಆ ಪೌಳಿಯೇ ಒಳ್ಳೆಯ ಕಟ್ಟಡವಾಗಿತ್ತು. ನೆರಳು, ಗಾಳಿ, ಬೆಳಕು ಮೂರನ್ನೂ ಬಲ್ಲವರು ಅದನ್ನು ಕಟ್ಟಿದ್ದರು.

ರಾಜಕುಮಾರನ ತಲೆಯ ಮೇಲೆ ತಂಪಾದ ಮಾಳಿಗೆ ಬೇಕಾಗಿದ್ದರೆ ರೈತನ ಮಗಳ ತಲೆಯ ಮೇಲೂ ಅದು ಬೇಕು. ಅಮೃತಶಿಲೆ ಬೇಡ, ಗುಮ್ಮಟ ಬೇಡ. ಕೆಡವುವ ಮೊದಲು ದುರಸ್ತಿಯಾಗಬಹುದೇ ಎಂದು ವಿಚಾರಿಸುವ ತಾಳ್ಮೆ, ಕಟ್ಟುವ ಮೊದಲು ಊರಿನ ಬಿಸಿಲು ಮಳೆಗಳನ್ನು ಗಮನಿಸುವ ವಿವೇಕ, ಇವೆರಡಿದ್ದರೆ ಸಾಕು. ಇದಕ್ಕೆ ಲಕ್ಷಗಳ ವೆಚ್ಚಕ್ಕಿಂತ ಕಾಳಜಿಯೇ ಹೆಚ್ಚಾಗಿ ಬೇಕಾಗುತ್ತದೆ.

ನೀವು ಕುಳಿತು ಓದುತ್ತಿರುವ ಶಾಲೆಯನ್ನೂ ಒಮ್ಮೆ ಹೊರಗೆ ನಿಂತು ನೋಡಿ. ಅದನ್ನು ಯಾರು, ಯಾವ ವರ್ಷ, ಯಾರ ಹಣದಿಂದ ಕಟ್ಟಿಸಿದರೆಂದು ಊರಿನ ಹಿರಿಯರನ್ನು ಕೇಳಿ. ಅದರ ಕಿಟಕಿಗಳು ಯಾವ ದಿಕ್ಕಿಗಿವೆ, ಮಧ್ಯಾಹ್ನ ಯಾವ ಮೂಲೆಯಲ್ಲಿ ನೆರಳಿರುತ್ತದೆ ಎಂಬುದನ್ನು ಗಮನಿಸಿ. ಒಂದು ಕಾಲದಲ್ಲಿ ಅದರ ಬಾಗಿಲಲ್ಲಿ ಯಾರನ್ನಾದರೂ ತಡೆದು ನಿಲ್ಲಿಸಿದ್ದರೇ, ಇಂದು ಯಾರಾದರೂ ಹೊರಗೆ ಉಳಿದಿದ್ದಾರೆಯೇ ಎಂದೂ ವಿಚಾರಿಸಿ. ನಿಮ್ಮ ಓರಗೆಯ ಮಕ್ಕಳಲ್ಲಿ ಒಬ್ಬರಾದರೂ ಆ ಬಾಗಿಲ ಹೊರಗೆ ಉಳಿದಿದ್ದರೆ, ನಿಮ್ಮ ಶಾಲೆಯನ್ನು ಇನ್ನೂ ಕಟ್ಟಿ ಮುಗಿಸಿಲ್ಲವೆಂದೇ ತಿಳಿಯಬೇಕು.